ಕಡಲಿಗೆ ಬಿದ್ದ ಎಣ್ಣೆ, ಸಂತೆಗೆ ಬಂದ ಮೀನು

ಆನವಟ್ಟಿಯ ನೆಲಕ್ಕೆ ಬಿದ್ದ ಮಳೆಹನಿಗೆ ಪಡುವಣ ಕಡಲನ್ನು ಕಾಣುವ ಯೋಗವಿಲ್ಲ. ದಂಡಾವತಿಯನ್ನೋ ವರದೆಯನ್ನೋ ಸೇರಿ, ಗಳಗನಾಥದ ಬಳಿ ತುಂಗಭದ್ರೆಯಲ್ಲಿ ಕರಗಿ, ಮುಂದೆ ಕೃಷ್ಣೆಯ ಹೆಸರು ಹೊತ್ತು, ದಖ್ಖನದ ಅಗಲವನ್ನೆಲ್ಲ ಕ್ರಮಿಸಿ ಬಂಗಾಳ ಕೊಲ್ಲಿಯನ್ನು ಮುಟ್ಟುವುದು ಅದರ ಹಣೆಬರಹ. ಶಿರಸಿಯ ಮೇಲೆ ಹಾಯ್ದು ದೇವಿಮನೆ ಘಟ್ಟವನ್ನಿಳಿದರೆ ಹೊತ್ತು ಮುಳುಗುವ ಮುನ್ನ ಕುಮಟೆಯ ಮರಳಿನ ಮೇಲೆ ಕಾಲಿಡಬಹುದಾದಷ್ಟು ಸಮೀಪದಲ್ಲಿದ್ದರೂ, ಇಲ್ಲಿನ ನೀರು ಕಡಲಿಗೆ ಬೆನ್ನು ತಿರುಗಿಸಿಯೇ ನಡೆಯುತ್ತದೆ. ಇಲ್ಲಿನ ಮನಸ್ಸೂ ಬಹುಮಟ್ಟಿಗೆ ಹಾಗೆಯೇ. ದೂರದ ಸಮುದ್ರದಲ್ಲಿ ಹಡಗೊಂದು ಒಡೆದು ಎಣ್ಣೆ ಚೆಲ್ಲಿತೆಂಬ ವಾರ್ತೆ ಪತ್ರಿಕೆಯಲ್ಲಿ ಬಂದಾಗ, ಅಯ್ಯೋ ಪಾಪವೆಂದು ನಾಲಗೆಯಂಚಿನಲ್ಲಿ ಅಂದು ಪುಟವನ್ನು ಮಗುಚಿ ಅಡಿಕೆ ಧಾರಣೆಯ ಅಂಕಣಕ್ಕೆ ಬರುವವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮೊದಲಿಗೇ ಒಪ್ಪಿಕೊಂಡುಬಿಡುವುದು ಲೇಸು.

ಈ ಔದಾಸೀನ್ಯವನ್ನು ಕದಲಿಸಿದವಳು ಘಟ್ಟದ ಕೆಳಗಿನಿಂದ ಬಂದು ನಮ್ಮ ಸಂತೆಯಲ್ಲಿ ಒಣಮೀನು ಮಾರುವ ಒಬ್ಬ ಹೆಂಗಸು. 2025ರ ಜೂನ್ ತಿಂಗಳ ಮೊದಲ ವಾರವಿರಬೇಕು. ಮಳೆಗಾಲದ ಬಾಗಿಲಿನಲ್ಲಿ, ಸಸಿ ಮಡಿಗೆ ಬೀಜ ಚೆಲ್ಲುವ ಹೊತ್ತಿನಲ್ಲಿ, ಗದ್ದೆಯಿಂದ ನೆನೆದು ಬಂದವರ ಅನ್ನಕ್ಕೆ ಒಂದು ಸುಟ್ಟ ತಾರ್ಲೆಯೋ ಒಂದು ಮುಷ್ಟಿ ಸೀಗಡಿಯ ಚಟ್ನಿಯೋ ಬೇಕೆನ್ನುವ ಮನೆಗಳು ಸೊರಬ ಸೀಮೆಯಲ್ಲಿ ಎಷ್ಟೋ ಇವೆ. ಆ ದಿನಗಳಲ್ಲಿ ಅವಳ ಬುಟ್ಟಿಯ ಸುತ್ತ ನಿಲ್ಲಲು ಜಾಗವಿರುವುದಿಲ್ಲ. ಆ ದಿನವಾದರೋ ಬುಟ್ಟಿಯ ಮೇಲಿನ ನೀಲಿ ಪ್ಲಾಸ್ಟಿಕ್ ಹಾಳೆ ಅರ್ಧ ಮಾತ್ರ ಸರಿದಿತ್ತು, ಗಿರಾಕಿಗಳು ದೂರದಲ್ಲೇ ನಿಂತು ಮೂಗು ಮುರಿಯುತ್ತಿದ್ದರು. ಕೇರಳದ ಕಡಲಲ್ಲಿ ವಿಷದ ಹಡಗು ಮುಳುಗಿದೆಯೆಂಬ ಚಿತ್ರ ಎಲ್ಲರ ಮೊಬೈಲಿನಲ್ಲೂ ಹರಿದಾಡಿತ್ತು. ಅವಳು ಒಂದು ಒಣ ಬಂಗಡೆಯನ್ನು ಬಾಲ ಹಿಡಿದೆತ್ತಿ, ಬುಟ್ಟಿಯ ಅಂಚಿಗೆ ಟಕಟಕನೆ ಬಡಿದು ತೋರಿಸಿ, “ಈ ಮೀನು ಒಣಗ್ಸಿದ್ದು ಶಿವರಾತ್ರಿ ಸುಮಾರಿಗೆ, ಹಡಗು ಮುಳ್ಗಿದ್ದು ಮೊನ್ನೆ. ಸತ್ತು ಮೂರು ತಿಂಗ್ಳಾದ ಮೀನು ಎದ್ದು ಹೋಗಿ ಆ ಎಣ್ಣೆ ಕುಡ್ದು ಬಂತಾ?” ಎಂದಳು. ತರ್ಕದಲ್ಲಿ ಎಳ್ಳಷ್ಟೂ ಲೋಪವಿರಲಿಲ್ಲ. ಆದರೂ ಯಾರೂ ಕೊಳ್ಳಲಿಲ್ಲ. ನಿಜ ಹೇಳುವುದಾದರೆ, ನಾನೂ ಕೊಳ್ಳಲಿಲ್ಲ.

ಅವಳು ಹೇಳಿದ ಹಡಗು ಲೈಬೀರಿಯದ ಧ್ವಜ ಹೊತ್ತ ಎಂಎಸ್‌ಸಿ ಎಲ್ಸಾ 3. ವಿಳಿಞ್ಞಂನಿಂದ ಕೊಚ್ಚಿಗೆ ಹೊರಟಿದ್ದ ಅದು 2025ರ ಮೇ 24ರಂದು ವಾಲಿ, ಮರುದಿನ ಮುಳುಗಿತು. ಇಪ್ಪತ್ತನಾಲ್ಕು ಮಂದಿ ನಾವಿಕರೂ ಬದುಕಿದರು. ಹಡಗಿನೊಡನೆ ತಳ ಕಂಡದ್ದೂ ಕಡಲ ಪಾಲಾದದ್ದೂ ಸೇರಿ 640 ಕಂಟೇನರುಗಳು, ಅವುಗಳಲ್ಲಿ 13ರಲ್ಲಿ ಅಪಾಯಕಾರಿ ಸರಕು. ಟ್ಯಾಂಕುಗಳಲ್ಲಿ ಸುಮಾರು 84 ಟನ್ ಡೀಸೆಲ್ ಮತ್ತು 367 ಟನ್ ಫರ್ನೇಸ್ ಆಯಿಲ್. ಎರಡು ವಾರ ಕಳೆಯುತ್ತಲೇ, ಜೂನ್ 9ರಂದು, ಕಣ್ಣೂರಿನಾಚೆ ವಾನ್ ಹೈ 503 ಎಂಬ ಮತ್ತೊಂದು ಹಡಗು ಹೊತ್ತಿ ಉರಿಯಿತು. ಅದರ ಇಪ್ಪತ್ತೆರಡು ಜನರಲ್ಲಿ ಬದುಕುಳಿದ ಹದಿನೆಂಟು ಮಂದಿಯನ್ನು ಕರೆತಂದದ್ದು ನಮ್ಮ ಮಂಗಳೂರಿಗೆ. ಹಿಂದಕ್ಕೆ ಹೋದರೆ, 2022ರ ಜೂನ್ 21ರಂದು ಉಳ್ಳಾಲದಾಚೆ ಎಂಟು ಸಾವಿರ ಟನ್ ಉಕ್ಕಿನ ಸುರುಳಿಗಳನ್ನು ಹೊತ್ತಿದ್ದ ಪ್ರಿನ್ಸೆಸ್ ಮಿರಾಲ್ ಆಪತ್ತಿಗೆ ಸಿಕ್ಕಿ ನೆಲ ಕಚ್ಚಿತು. ಅದಕ್ಕೂ ಹಿಂದೆ, 2006ರ ಮೇ 30ರಂದು, ಕಾರವಾರದೆದುರಿನ ಆಯ್‌ಸ್ಟರ್ ರಾಕ್ ದ್ವೀಪದ ಬಂಡೆಗೆ ಪನಾಮಾ ಧ್ವಜದ ಓಷನ್ ಸೆರಾಯಾ ಸಿಕ್ಕಿಕೊಂಡು, ಅದರ ಹೊಟ್ಟೆಯಲ್ಲಿದ್ದ ಸುಮಾರು 650 ಟನ್ ಇಂಧನ ತೈಲ ಕಡಲಿಗಿಳಿದು, ಕಾರವಾರದ ತೀರವನ್ನೂ ಗೋವೆಯ ತೆಂಕಣ ತೀರವನ್ನೂ ಕಪ್ಪಾಗಿಸಿತು.

ಈ ದಿನಾಂಕಗಳನ್ನು ಇಂಗ್ಲಿಷ್ ತಿಂಗಳುಗಳಲ್ಲಿ ಓದಿದರೆ ಒಂದು ಸಂಗತಿ ಕಣ್ಣಿಗೆ ಬೀಳದೆ ಹೋದೀತು; ನಮ್ಮ ರೈತರ ಪಂಚಾಂಗದಲ್ಲಿಟ್ಟು ನೋಡಬೇಕು. ಮೇ 25, ಮೇ 30 ಎಂದರೆ ರೋಹಿಣಿ ಮಳೆ. ಜೂನ್ 9 ಎಂದರೆ ಮೃಗಶಿರೆ. ಜೂನ್ 21 ಎಂದರೆ ಆರಿದ್ರೆಯ ಹೊಸ್ತಿಲು. ನಾವು ಕೆರೆಯ ಏರಿಯ ಮೇಲೆ ನಿಂತು ಯಾವ ಗಾಳಿಯ ದಾರಿಯನ್ನು ಕಾಯುತ್ತೇವೆಯೋ, ಯಾವ ಗಾಳಿ ಒಂದು ವಾರ ತಡವಾದರೆ ನಮ್ಮ ಮಡಿಗಳು ಬಿರಿದು ಮೋರೆ ಬಾಡುತ್ತದೆಯೋ, ಆ ನೈಋತ್ಯದ ಗಾಳಿಯೇ ಅತ್ತ ಕಡಲಿನಲ್ಲಿ ಹಳೆಯ ಹಡಗುಗಳ ಬಲವನ್ನು ಪರೀಕ್ಷಿಸುತ್ತದೆ, ಅವು ಸೋತು ಚೆಲ್ಲಿದ ಎಣ್ಣೆಯನ್ನು ದಡದತ್ತ ದಬ್ಬುತ್ತದೆ, ಎಣ್ಣೆಯನ್ನು ಸುತ್ತುಗಟ್ಟಿ ಹಿಡಿಯಬೇಕಾದ ತೇಲುಬೇಲಿಗಳನ್ನು ತೆರೆಗಳ ಮೇಲೆ ನಿಲ್ಲಗೊಡದೆ ಚೆಲ್ಲಾಪಿಲ್ಲಿ ಮಾಡುತ್ತದೆ. ಅನ್ನ ಕೊಡುವ ಗಾಳಿ ಇದೇ, ಅನ್ನ ಕೀಳುವ ಗಾಳಿಯೂ ಇದೇ. ಜೂನ್ 1ರಿಂದ ಜುಲೈ 31ರವರೆಗೆ ಅರವತ್ತೊಂದು ದಿನ ಯಂತ್ರದ ದೊಡ್ಡ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮೀನಿಗೆ ಹೋಗಬಲ್ಲವು ನಾಡದೋಣಿಗಳು, ದಡದಲ್ಲಿ ಕೈಬಲೆ ಬೀಸುವವರು, ಅಳಿವೆಯ ಕೆಸರಿನಲ್ಲಿ ಚಿಪ್ಪು ಹೆಕ್ಕುವವರು. ಎಂದರೆ, ಈ ಆಪತ್ತುಗಳ ಪೆಟ್ಟು ಬಹುಮಟ್ಟಿಗೆ ಬಿದ್ದದ್ದು ಮೀನುಗಾರರಲ್ಲೆಲ್ಲ ಬಡವರಾದವರ ಸರದಿಯಲ್ಲಿ.

ಹಡಗಿನ ಇಂಧನವೆಂದರೆ ನಮ್ಮ ಟ್ರ್ಯಾಕ್ಟರಿಗೆ ಹಾಕುವ ತಿಳಿಯಾದ ಡೀಸೆಲ್ಲೆಂದು ಭಾವಿಸಬಾರದು. ಕಚ್ಚಾ ತೈಲದಿಂದ ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ಲುಗಳನ್ನೆಲ್ಲ ತೆಗೆದಾದ ಮೇಲೆ ತಳದಲ್ಲುಳಿಯುವ, ಬಿಸಿ ಮಾಡದ ಹೊರತು ಕೊಳವೆಯಲ್ಲಿ ಹರಿಯಲೊಲ್ಲದ, ಜೋನಿಬೆಲ್ಲದಂತಹ ಕರಿಯ ದ್ರವ್ಯ ಅದು. ಡೀಸೆಲ್ಲು ನೀರಿನ ಮೇಲೆ ಹರಡಿ ಬಹುಪಾಲು ಒಂದೆರಡು ದಿನಗಳಲ್ಲಿ ಆವಿಯಾಗಿಯೋ ಚದುರಿಯೋ ಹೋಗುತ್ತದೆ, ಇದು ಹೋಗುವುದಿಲ್ಲ. ತೆರೆಗಳ ಕಡೆತಕ್ಕೆ ಸಿಕ್ಕಿ ನೀರನ್ನೇ ತನ್ನೊಳಕ್ಕೆ ಎಳೆದುಕೊಂಡು ಮೂರು ನಾಲ್ಕು ಮಡಿ ಉಬ್ಬುತ್ತದೆ. ಚೆಲ್ಲಿದ್ದು ನೂರು ಟನ್ನಾದರೆ ಬಳಿಯಬೇಕಾದದ್ದು ಮುನ್ನೂರು ನಾನ್ನೂರು ಟನ್ನಾದೀತು. ಉಬ್ಬಿದ ಕಲ್ಕ ಮರಳಿನೊಡನೆ ಬೆರೆತು ತಳಕ್ಕಿಳಿಯುತ್ತದೆ. ಇಲ್ಲವೆ ಒಡೆದು ಅಡಿಕೆಯ ಗಾತ್ರದ, ಲಿಂಬೆಯ ಗಾತ್ರದ ಡಾಂಬರಿನ ಉಂಡೆಗಳಾಗಿ ತಿಂಗಳುಗಟ್ಟಲೆ ತೇಲುತ್ತದೆ.

ಈ ಉಂಡೆಗಳ ಪರಿಚಯ ನನ್ನ ಹಿಮ್ಮಡಿಗಾಗಿದೆ. ಒಂದು ಆಷಾಢದಲ್ಲಿ ಕಾರವಾರದ ಕಡೆ ಬಂಧುಗಳ ಮನೆಗೆ ಹೋಗಿ, ಸಂಜೆ ತೆರೆಯಂಚಿನಲ್ಲಿ ಬರಿಗಾಲಿನಲ್ಲಿ ನಡೆದು ಬಂದವನ ಅಂಗಾಲಿಗೆ ಕಪ್ಪು ಅಂಟೊಂದು ಮೆತ್ತಿಕೊಂಡಿತ್ತು. ನೀರಿಗೆ ಹೋಗದು, ಮರಳಿಗೆ ಹೋಗದು, ಸಾಬೂನಿಗೆ ನಕ್ಕಿತು. ಜಗಲಿಯ ಮೇಲೆ ಹೆಜ್ಜೆ ಮೂಡಿಸಿದ ಅಪರಾಧಕ್ಕಾಗಿ ತಲೆತಗ್ಗಿಸಿ ಕುಳಿತಿದ್ದ ನನಗೆ ಆ ಮನೆಯ ಅಜ್ಜಿ ಕೊಬ್ಬರಿ ಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಚೂರು ಕೊಟ್ಟು, ಎಣ್ಣೆಯನ್ನು ಎಣ್ಣೆಯೇ ತೆಗೆಯಬೇಕು ಎಂದಳು. ಪ್ರತಿ ಮಳೆಗಾಲವೂ ಇದು ಬರುತ್ತದೆಂದೂ, ಅದಕ್ಕಾಗಿ ಬಾಗಿಲಲ್ಲಿ ಒಂದು ಚಿಂದಿಯನ್ನು ಇಟ್ಟೇ ಇರುತ್ತೇವೆಂದೂ ಅವಳು ಹೇಳಿದ ರೀತಿಯಲ್ಲಿ ಕೋಪವಿರಲಿಲ್ಲ. ನಾವು ಇಂಬಳದ ವಿಷಯ ಹೇಳುವ ಹಾಗೆಯೇ ಇತ್ತು. ಆ ವರ್ಷ ಯಾವ ಹಡಗೂ ಮುಳುಗಿರಲಿಲ್ಲ. ನಡುಗಡಲಿನಲ್ಲಿ, ಕಾಣುವವರಿಲ್ಲದೆಡೆ, ತಮ್ಮ ಟ್ಯಾಂಕುಗಳನ್ನು ತೊಳೆದು ಕೊಳೆಯನ್ನು ಚೆಲ್ಲಿಹೋಗುವ ಹಡಗುಗಳ ಪಾಲೂ ಈ ಉಂಡೆಗಳಲ್ಲುಂಟು.

ಇಂತಹ ಎಣ್ಣೆ ಅಘನಾಶಿನಿಯ ಅಳಿವೆಯನ್ನು ಹೊಕ್ಕರೆ ಏನಾದೀತೆಂದು ಊಹಿಸಿ ನೋಡಬೇಕು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಆ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೊಂಟದವರೆಗಿನ ನೀರಿನಲ್ಲಿ ನಿಂತು, ಕಾಲಬೆರಳಿನಿಂದ ಕೆಸರನ್ನು ತಡವಿ ಬಳಚು ಹೆಕ್ಕಿ ಬದುಕುವವರು ಎರಡು ಸಾವಿರಕ್ಕೂ ಮಿಕ್ಕ ಜನ. ಅವರಲ್ಲಿ ಹೆಂಗಸರು ಅನೇಕರು. ಬಳಚೆಂಬ ಪ್ರಾಣಿ ಮೀನಿನಂತೆ ಓಡಿ ತಪ್ಪಿಸಿಕೊಳ್ಳಲಾರದು. ನೀರನ್ನು ಹೀರಿ, ಸೋಸಿ, ಅದರಲ್ಲಿದ್ದುದನ್ನು ಉಂಡು ಬದುಕುವುದಾದ್ದರಿಂದ ನೀರಿಗೆ ಬಂದ ವಿಷವೆಲ್ಲ ಅದರ ಮಾಂಸಕ್ಕೆ ಬರುತ್ತದೆ. ಸಾಯದೆ ಉಳಿದರೂ ತಿನ್ನುವ ಬಾಯಿಗೆ ಸೀಮೆಎಣ್ಣೆಯ ನಾತ. ದಡದ ಕಾಂಡ್ಲಾ ಗಿಡಗಳು ಕೆಸರಿನಿಂದ ಮೇಲಕ್ಕೆ ಚಾಚಿದ ಬೇರುಗಳ ಮೂಲಕ ಉಸಿರಾಡುತ್ತವೆ. ಆ ಬೇರುಗಳಿಗೆ ಡಾಂಬರು ಬಳಿದರೆ ಮೂಗು ಮುಚ್ಚಿದಂತೆ. ಇನ್ನು ಗಜನಿ ಗದ್ದೆಗಳಿವೆ. ಉಪ್ಪುನೀರನ್ನು ಸಹಿಸಿ ಬೆಳೆಯುವ ಕಗ್ಗದ ಭತ್ತ, ಮಳೆ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಸೀಗಡಿ: ತೂಬಿನ ಬಾಗಿಲಿನಿಂದ ಉಬ್ಬರದ ನೀರನ್ನು ಒಳಗೆ ಬಿಟ್ಟು ಹೊರಗೆ ಕಳಿಸುವ ಆ ಬೇಸಾಯದ ಸೂಕ್ಷ್ಮವನ್ನು ಸೊರಬದ ಭತ್ತದ ರೈತನಿಗೆ ವಿವರಿಸಬೇಕಾಗಿಲ್ಲ. ಆ ತೂಬಿನಿಂದ ಒಂದೇ ಒಂದು ಉಬ್ಬರದ ಎಣ್ಣೆ ಒಳಗೆ ಬಂದರೆ, ಅದನ್ನು ಹೊರಗೆ ಕಳಿಸುವ ಇಳಿತ ಯಾವುದೂ ಇಲ್ಲ.

ನಮ್ಮ ಕಡೆ ಬೆಳೆ ಹೋದರೆ ಗತಿಯೇನೆಂದು ಕೇಳುವವರಿಗೆ ಒಂದು ಉತ್ತರವಾದರೂ ಇದೆ. ಹೊಲಕ್ಕೆ ಪಹಣಿಯುಂಟು, ಅದರಲ್ಲಿ ಹೆಸರುಂಟು, ವಿಸ್ತೀರ್ಣವುಂಟು, ಏನು ಬೆಳೆದಿದ್ದನೆಂಬ ಕಲಮಿನಲ್ಲಿ ತಪ್ಪೋ ಒಪ್ಪೋ ಒಂದು ಬರಹವುಂಟು, ಹೋಬಳಿಯಲ್ಲಿ ಮಳೆ ಅಳೆಯುವ ಮಾಪಕವುಂಟು, ವಿಮೆಯ ಹಣ ಬಾರದಿದ್ದರೆ ಧರಣಿ ಕೂರಲು ಕಚೇರಿಯ ಮೆಟ್ಟಿಲುಂಟು. ಕಡಲಿಗೆ ಪಹಣಿಯಿಲ್ಲ. ಕೆಸರಿನಲ್ಲಿ ಬಳಚು ಹೆಕ್ಕುವವಳು ನಿನ್ನೆ ಎಷ್ಟು ಹೆಕ್ಕಿದಳು, ಹೋದ ವರ್ಷ ಇದೇ ಪಕ್ಷದಲ್ಲಿ ಎಷ್ಟು ಹೆಕ್ಕಿದ್ದಳು ಎಂಬುದಕ್ಕೆ ಅವಳ ಬೆನ್ನುನೋವೊಂದೇ ಸಾಕ್ಷಿ. ಕೇಂದ್ರ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಬಂದರುಗಳಿಗೆ ಬಂದಿಳಿಯುವ ಮೀನನ್ನು ಜಾತಿವಾರು ಅಂದಾಜು ಮಾಡುತ್ತ ಬಂದಿದೆ. ಅದು ದೊಡ್ಡ ಕೆಲಸ, ಶ್ಲಾಘ್ಯವಾದ ಕೆಲಸ. ಆದರೆ ಅದು ಸಮುದ್ರದ ಲೆಕ್ಕವೇ ಹೊರತು ಒಂದು ಒಲೆಯ ಲೆಕ್ಕವಾಗಲಾರದು.

ಲೆಕ್ಕವಿಲ್ಲದಿದ್ದರೆ ಪರಿಹಾರದ ಕಾಲಕ್ಕೆ ಏನಾಗುತ್ತದೆಂಬುದನ್ನು ಕೇರಳದ ಪ್ರಕರಣವೇ ತೋರಿಸುತ್ತದೆ. ಅಲ್ಲಿನ ಸರ್ಕಾರ ಹಡಗಿನ ಒಡೆಯರ ಮೇಲೆ ಹೂಡಿದ ದಾವೆಯ ಮೊತ್ತ 9,531 ಕೋಟಿ ರೂಪಾಯಿ. ಅದರಲ್ಲಿ ಪರಿಸರದ ಹಾನಿಗೆಂದು 8,626 ಕೋಟಿ, ಪರಿಸರವನ್ನು ಮರಳಿ ಸರಿಪಡಿಸುವುದಕ್ಕೆಂದು 378 ಕೋಟಿ, ಮೀನುಗಾರರ ಆರ್ಥಿಕ ನಷ್ಟಕ್ಕೆಂದು 526 ಕೋಟಿ. ನೂರು ರೂಪಾಯಿಯ ಬೇಡಿಕೆಯಲ್ಲಿ ಮೀನು ಹಿಡಿಯುವವನ ಪಾಲು ಐದೂವರೆ. ಪರಿಸರದ ಬೆಲೆ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ, ಅದು ಅಷ್ಟಿರಬಹುದು, ಅದಕ್ಕಿಂತ ಹೆಚ್ಚೂ ಇರಬಹುದು. ಆದರೆ ನದಿ, ಕಡಲು, ಕಾಂಡ್ಲಾವನಗಳ ಹೆಸರಿನಲ್ಲಿ ಸಾವಿರ ಸಾವಿರ ಕೋಟಿಯಾಗಿ ಏರುವ ಅಂಕಿ ಮನುಷ್ಯನ ಅಡುಗೆಮನೆಗೆ ಬಂದೊಡನೆ ಕುಗ್ಗುವುದಕ್ಕೆ, ಪ್ರಕೃತಿಯ ಪರವಾಗಿ ತಜ್ಞರು ಬರೆದುಕೊಡುವಂತೆ ಬುಟ್ಟಿಯವಳ ಪರವಾಗಿ ಬರೆದಿಟ್ಟವರು ಯಾರೂ ಇಲ್ಲದಿರುವುದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಉಚ್ಚ ನ್ಯಾಯಾಲಯ ಸದ್ಯಕ್ಕೆ ನಿಗದಿ ಮಾಡಿದ ಭದ್ರತೆ ಸುಮಾರು 1,227 ಕೋಟಿ. ತತ್ಕಾಲಕ್ಕೆ ಬಾಧಿತ ಜಿಲ್ಲೆಗಳ ಮೀನುಗಾರ ಕುಟುಂಬಗಳ ಕೈಗೆ ಬಂದದ್ದು ಒಂದು ಸಾವಿರ ರೂಪಾಯಿ ಮತ್ತು ಆರು ಕಿಲೋ ಅಕ್ಕಿ.

ಕಾನೂನಿನಲ್ಲೂ ಒಂದು ವಿಚಿತ್ರವಿದೆ. ಕಚ್ಚಾ ತೈಲವನ್ನು ಸರಕಾಗಿ ಹೊತ್ತ ಟ್ಯಾಂಕರ್ ಹಡಗು ಒಡೆದರೆ, 1992ರ ಹೊಣೆಗಾರಿಕೆಯ ಒಪ್ಪಂದವೂ ಅದರ ಬೆನ್ನಿಗೆ ನಿಂತ ಅಂತಾರಾಷ್ಟ್ರೀಯ ಪರಿಹಾರ ನಿಧಿಯ ದೊಡ್ಡ ಥೈಲಿಯೂ ಉಂಟು. ಕಾಗದಪತ್ರಗಳಿಲ್ಲದ ಸಣ್ಣ ಮೀನುಗಾರನ ಅಹವಾಲನ್ನು ಹೇಗೆ ಪರಿಶೀಲಿಸಬೇಕೆಂಬುದನ್ನೂ ಆ ನಿಧಿಯವರು ಯೋಚಿಸಿದ್ದಾರೆ. ಆದರೆ ನಮ್ಮ ತೀರಕ್ಕೆ ಬಂದೆರಗಿದ ಓಷನ್ ಸೆರಾಯಾ, ಪ್ರಿನ್ಸೆಸ್ ಮಿರಾಲ್, ಎಲ್ಸಾ ಇವಾವುವೂ ಟ್ಯಾಂಕರುಗಳಲ್ಲ. ಚೆಲ್ಲಿದ್ದು, ಚೆಲ್ಲಬಹುದಾಗಿದ್ದದ್ದು ಅವು ಉರಿಸಲೆಂದು ಇಟ್ಟುಕೊಂಡ ಇಂಧನ. ಅದಕ್ಕೆ ಅನ್ವಯಿಸುವ 2001ರ ಒಪ್ಪಂದಕ್ಕೆ ಭಾರತ ಸೇರಿದ್ದು 2015ರಲ್ಲಿ. ಅದರ ಹಿಂದೆ ವಿಮೆಯುಂಟು, ಆದರೆ ಹಡಗಿನ ತೂಕಕ್ಕೆ ತಕ್ಕಂತೆ ಮಿತಿಯೂ ಉಂಟು, ಆ ದೊಡ್ಡ ನಿಧಿಯ ಬಾಗಿಲು ಅತ್ತ ಕಡೆಗೆ ತೆರೆಯುವುದಿಲ್ಲ. ಹೀಗಿರುವಾಗ ಮಿತವಾದ ಹಣದಲ್ಲಿ ಪಾಲು ಕೇಳುವ ಸಾಲಿನಲ್ಲಿ ರಸೀದಿಯಿದ್ದವನು ಮುಂದೆ, ಇಲ್ಲದವಳು ಹಿಂದೆ.

ರಸೀದಿಯಿದ್ದವರಿಗಾದರೂ ಸಲೀಸಾಯಿತೆ? ಅಲಾಸ್ಕದಲ್ಲಿ 1989ರ ಮಾರ್ಚ್ 24ರಂದು ಎಕ್ಸಾನ್ ವಾಲ್ಡೀಸ್ ಬಂಡೆಗೆ ತಾಗಿ ಸುಮಾರು 37 ಸಾವಿರ ಟನ್ ತೈಲ ಚೆಲ್ಲಿದಾಗ, ಅಲ್ಲಿನ ಮೀನುಗಾರರ ಬಳಿ ಪರವಾನಗಿಗಳಿದ್ದವು, ವಹಿಗಳಿದ್ದವು, ವಕೀಲರಿದ್ದರು. 1994ರಲ್ಲಿ ಜ್ಯೂರಿ ವಿಧಿಸಿದ ಐನೂರು ಕೋಟಿ ಡಾಲರಿನ ದಂಡ, 2008ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಿಂದ ಹೊರಬರುವ ಹೊತ್ತಿಗೆ ಸುಮಾರು ಐವತ್ತು ಕೋಟಿಗೆ ಇಳಿದಿತ್ತು. ಆಪತ್ತಾಗಿ ಹತ್ತೊಂಬತ್ತು ವರ್ಷ! ಇತ್ತ ಎಣ್ಣೆ ಚೆಲ್ಲಿದ ನಾಲ್ಕು ವರ್ಷದ ಬಳಿಕ ಅಲ್ಲಿ ಹೆರಿಂಗ್ ಮೀನೇ ಕುಸಿದುಹೋಗಿತ್ತು. ಅದು ಎಣ್ಣೆಯಿಂದಲೋ, ರೋಗದಿಂದಲೋ, ಬೇರೆ ಕಾರಣದಿಂದಲೋ ಎಂಬ ವಾದ ವಿದ್ವಾಂಸರಲ್ಲಿ ಇಂದಿಗೂ ತೀರಿಲ್ಲ. ನಮ್ಮ ಬೂತಾಯಿಯೂ, ಅರ್ಥಾತ್ ತಾರ್ಲೆಯೂ, ಹೆರಿಂಗಿನ ಬಳಗದ್ದೇ, ಅದರಂತೆಯೇ ಚಂಚಲೆ. ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಸಿಕ್ಕ ಬೂತಾಯಿ, 2021ರಲ್ಲಿ ನಾಲ್ಕು ಸಾವಿರ ಟನ್ನಿಗೂ ಕಡಮೆಯಾಯಿತು. ಅದಕ್ಕೆ ಯಾವ ಹಡಗೂ ಒಡೆಯಬೇಕಾಗಿರಲಿಲ್ಲ. ನಾಳೆ ನಮ್ಮ ಕಡಲಿನಲ್ಲಿ ಎಣ್ಣೆ ಚೆಲ್ಲಿ ಮೀನು ಮಾಯವಾಯಿತೆಂದು ಮೊರೆಯಿಟ್ಟರೆ, ಹಡಗಿನ ವಕೀಲ ಮೊದಲು ಎತ್ತುವ ಪ್ರಶ್ನೆ, ಈ ಮೀನು ತಾನಾಗಿಯೇ ಹೋಗಿ ತಾನಾಗಿಯೇ ಬರುವುದಲ್ಲವೆ ಎಂಬುದು. ಉತ್ತರ ಕೊಡಬೇಕಾದ ಪುಸ್ತಕ ಎಣ್ಣೆ ಚೆಲ್ಲುವುದಕ್ಕಿಂತ ಮೊದಲೇ ಬರೆದಿರಬೇಕು. ಚೆಲ್ಲಿದ ಮೇಲೆ ಬರೆದ ಪುಸ್ತಕಕ್ಕೆ ನ್ಯಾಯಾಲಯದಲ್ಲಿ ಕಿಮ್ಮತ್ತಿಲ್ಲ.

ಆದುದರಿಂದ ನನ್ನ ಬಿನ್ನಹ ಚಿಕ್ಕದು. ಎಣ್ಣೆಯನ್ನು ತ್ಯಜಿಸೋಣವೆಂಬ ದೊಡ್ಡ ಮಾತನ್ನು ಆಡುವ ನೈತಿಕ ಹಕ್ಕು ಡೀಸೆಲ್ ಪಂಪಿನಿಂದ ನೀರೆತ್ತುವ ನಮಗೂ, ಡೀಸೆಲ್ ದೋಣಿಯಲ್ಲಿ ಮೀನಿಗೆ ಹೋಗುವ ಅವರಿಗೂ ಸದ್ಯಕ್ಕಿಲ್ಲ. ಮಂಗಳೂರಿನಾಚೆ ನಡುನೀರಿನಲ್ಲಿ ಬೋಯಿಗೆ ಕಟ್ಟಿ ನಿಂತ ಮಹಾನೌಕೆಗಳು ಕಚ್ಚಾ ತೈಲವನ್ನು ಇಳಿಸುತ್ತಲೇ ಇರುತ್ತವೆ. ಮಂಗಳೂರಿನಲ್ಲೂ ಪಾದೂರಿನಲ್ಲೂ ನೆಲದಡಿಯ ಬಂಡೆ ಕೊರೆದು ಮಾಡಿದ ಗುಹೆಗಳೊಳಗೆ ದೇಶದ ಆಪತ್ಕಾಲಕ್ಕೆಂದು ನಲವತ್ತು ಲಕ್ಷ ಟನ್ ತೈಲ ಹಿಡಿಸುವ ಉಗ್ರಾಣವಿದೆ. ಕಾರವಾರವನ್ನು ಕಪ್ಪಾಗಿಸಿದ್ದು 650 ಟನ್ನೆಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿದೀತು. ಮೀನುಗಾರಿಕಾ ಇಲಾಖೆಯೂ ಕರಾವಳಿಯ ಗ್ರಾಮ ಪಂಚಾಯಿತಿಗಳೂ ಕೂಡಿ, ಆಪತ್ತಿಲ್ಲದ ಸಾಧಾರಣ ವರ್ಷಗಳಲ್ಲಿ, ಪ್ರತಿ ಅಳಿವೆಗೆ, ಪ್ರತಿ ಮೀನಿನ ದಕ್ಕೆಗೆ ಒಂದು ದಿನವಹಿಯನ್ನು ಇಡಬೇಕು: ಯಾರು, ಏನು, ಎಷ್ಟು, ಯಾವ ಬೆಲೆಗೆ. ದೋಣಿಯ ಒಡೆಯನ ಹೆಸರಿನ ಕೆಳಗೆ ಬಲೆ ಎಳೆದವನ, ಚಿಪ್ಪು ಹೆಕ್ಕಿದವಳ, ಒಣಗಿಸಿದವಳ, ಬುಟ್ಟಿ ಹೊತ್ತು ಘಟ್ಟ ಹತ್ತಿದವಳ ಹೆಸರೂ ಬರಬೇಕು. ಮುಳುಗಿದ ಹಡಗಿನ ಎಣ್ಣೆಯನ್ನು ಕಡಲಿನಲ್ಲಿ ಹಿಡಿಯುವುದು ತಟರಕ್ಷಣಾ ಪಡೆಯ ಹೊಣೆ. ದಡಕ್ಕೆ ಬಂದದ್ದನ್ನು ಬಳಿಯುವುದು ರಾಜ್ಯದ ಪಾಲಿನದು. 2017ರಲ್ಲಿ ಚೆನ್ನೈ ಬಳಿಯ ಎಣ್ಣೂರಿನ ದಡದಲ್ಲಿ ಮನುಷ್ಯರು ಬಕೆಟ್ಟುಗಳಿಂದ ಎಣ್ಣೆ ಮೊಗೆದ ದೃಶ್ಯವನ್ನು ಕಂಡ ಮೇಲೂ, ರೋಹಿಣಿ ಮಳೆಗೆ ಮುನ್ನ ಪ್ರತಿ ಬಂದರಿನಲ್ಲಿ ಅದಕ್ಕೆ ಬೇಕಾದ ಸಲಕರಣೆ ಸಿದ್ಧವಿದೆಯೇ ಎಂದು ಕೇಳದಿದ್ದರೆ ನಮ್ಮ ಶಾಸಕರನ್ನು ಕಳಿಸಿದ್ದು ಯಾತಕ್ಕೆ?

ಕಡಲಿನ ದಿನವಹಿಯಲ್ಲಿ ಘಟ್ಟ ಹತ್ತಿ ಮಾರುವವಳ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಕೆಳದಿಯ ನಾಯಕರ ಕಾಲದಲ್ಲಿ ಇಲ್ಲಿನ ಅಕ್ಕಿ ಮೆಣಸುಗಳು ಎತ್ತಿನ ಹೇರಾಗಿ ಘಟ್ಟವಿಳಿದು ಬಸರೂರಿನ, ಮಂಗಳೂರಿನ ಬಂದರುಗಳಲ್ಲಿ ಹಡಗು ಹತ್ತುತ್ತಿದ್ದವು. ಮರಳುವ ಎತ್ತಿನ ಮೇಲೆ ಉಪ್ಪೂ ಮೀನೂ ಬಾರದೆ ಇರುತ್ತಿದ್ದವೆ? ಕಡಲಿನ ಆರ್ಥಿಕತೆ ಮರಳಿನ ಅಂಚಿಗೆ ಮುಗಿಯುವುದೆಂದು ಭೂಪಟ ಬಿಡಿಸುವವರು ತಿಳಿದಿರಬಹುದು, ಸಂತೆಗೆ ಹಾಗೆ ತಿಳಿದಿಲ್ಲ.

ಅವಳು ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರ ಬಂದಳು. ಆ ಹೊತ್ತಿಗೆ ಮೊಬೈಲುಗಳಲ್ಲಿ ಬೇರೆ ಚಿತ್ರಗಳು ಬಂದಿದ್ದವು, ಜನ ಮತ್ತೆ ಬುಟ್ಟಿಯ ಸುತ್ತ ನೆರೆದಿದ್ದರು. ಆದರೆ ಎರಡು ವಾರದ ಮಳೆಯ ತೇವ ಮೀನಿಗೆ ಹತ್ತಿ, ಬಾಲ ಹಿಡಿದೆತ್ತಿದರೆ ಬಂಗಡೆ ಮೆತ್ತಗೆ ಬಾಗುತ್ತಿತ್ತು. ಅಂಚಿಗೆ ಬಡಿದರೆ ಸದ್ದು ಬರಲಿಲ್ಲ. ನೂರಕ್ಕೆ ಮಾರಬೇಕಾದದ್ದನ್ನು ಅರವತ್ತಕ್ಕೆ ಕೊಡುತ್ತಿದ್ದಳು. ನಾನು ಅರ್ಧ ಕಿಲೋ ಕೊಂಡೆ, ಚೌಕಾಸಿ ಮಾಡಲಿಲ್ಲ. ಮನೆಗೊಯ್ದು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಹೊಗೆ ಕೊಡಿ, ಇಲ್ಲವಾದರೆ ನಾಳೆಯೇ ಹುಳ ಬೀಳುತ್ತದೆ ಎಂದು ಹೇಳಿ, ಚಿಲ್ಲರೆ ಎಣಿಸಿ ಕೈಗಿಟ್ಟಳು.